ಕಾವಲು ತಿನ್ನುವ ನಿಮಿಷಗಳು

ಮಾರ್ಚ್ ಹದಿನಾಲ್ಕು, ಗುರುವಾರ, ಸಂಜೆ ಆರು ಗಂಟೆ ಮೂವತ್ತೊಂದು ನಿಮಿಷಕ್ಕೆ, ಹುಣಸೆ ಗೇಟ್ ಸ್ಟಾಪು ಬಿಟ್ಟು ಇನ್ನೂರು ಮೀಟರ್ ಹೋಗುವಷ್ಟರಲ್ಲಿ ನಮ್ಮಣ್ಣನ ಬಸ್ಸು ನಿಂತುಹೋಯಿತು. ಎಂಜಿನ್ ಕೆಟ್ಟಿರಲಿಲ್ಲ, ಟೈರು ಒಡೆದಿರಲಿಲ್ಲ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿದಾಗ ರಸ್ತೆ ಇರಲಿಲ್ಲ. ಅದರ ಬದಲು ಅಣ್ಣನ ಹೆಸರಿನಲ್ಲಿ ಅವನ ಗುರುತಿನವರಿಗೆಲ್ಲ ಬಹುಮಾನ ಬಂದಿದೆಯೆಂಬ ಸಂದೇಶ ಒಂದರ ಹಿಂದೆ ಒಂದು ಹೋಗುತ್ತಿತ್ತು. ಬಸ್ಸು ಇದ್ದದ್ದು ನಮ್ಮ ನಡುಮನೆಯ ಕಂಪ್ಯೂಟರಿನೊಳಗೆ.

ಅಣ್ಣನ ಹೆಸರು ಹೊನ್ನಪ್ಪ. ಮೂವತ್ನಾಲ್ಕು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಅದರಲ್ಲಿ ಇಪ್ಪತ್ತೆರಡು ವರ್ಷ ಒಂದೇ ರೂಟು, ಒಬ್ಬನೇ ಕಂಡಕ್ಟರು, ಮಸ್ತಾನ್ ಸಾಬ್. ನಿವೃತ್ತಿಯಾದ ಮರುವರ್ಷ ಅಣ್ಣ ಗೇಮಿಂಗ್ ಕಂಪ್ಯೂಟರೊಂದನ್ನು ತರಿಸಿ, ಮೇಜಿಗೆ ಸ್ಟಿಯರಿಂಗ್ ಬಿಗಿಸಿ, ಕೆಳಗೆ ಪೆಡಲು ಇಟ್ಟುಕೊಂಡ. ಬಸ್ಸು ಓಡಿಸುವ ಆಟವೊಂದಿದೆ. ಅದರಲ್ಲಿ ರಸ್ತೆಗಳನ್ನು ನಾವೇ ಕಟ್ಟಿಕೊಳ್ಳಬಹುದು. ಅಣ್ಣ ಹದಿನಾಲ್ಕು ತಿಂಗಳು ಕೂತು ತನ್ನ ಹಳೆಯ ರೂಟನ್ನು ಕಟ್ಟಿದ. ಗಾಣದ ಓಣಿಯಿಂದ ತೂಬಿನಕಟ್ಟೆಯವರೆಗೆ ಹನ್ನೊಂದು ಸ್ಟಾಪು. ಸುಣ್ಣದ ಗೂಡಿನ ಹತ್ತಿರ ಎಡಕ್ಕೆ ವಾಲಿದ ಮೈಲಿಗಲ್ಲನ್ನು ಸಹ ಅವನು ಬಿಟ್ಟಿಲ್ಲ.

ಮಸ್ತಾನ್ ಸಾಬರಿಗೆ ಹೋದ ವರ್ಷ ಪಾರ್ಶ್ವವಾಯು ಹೊಡೆದು ಬಲಗೈಯೂ ಮಾತೂ ಒಟ್ಟಿಗೆ ಹೋದವು. ಈಗ ಬೇರೆ ಊರಿನಲ್ಲಿ, ಔಷಧದ ಅಂಗಡಿ ಇಟ್ಟುಕೊಂಡಿರುವ ಮಗಳು ನಸೀಮಾಳ ಮನೆಯಲ್ಲಿದ್ದಾರೆ. ಊಟ ಆಯಿತೇ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಮಗಳ ಹೆಸರು ನಾಲಿಗೆಗೆ ಸಿಕ್ಕುವುದಿಲ್ಲ. ಆದರೆ ಆಟದ ಬಸ್ಸಿನ ಬಾಗಿಲು ಮುಚ್ಚಿದ ಸದ್ದು ಕಿವಿಗೆ ಬಿದ್ದರೆ ಸಾಕು, "ರೈಟ್" ಎನ್ನುತ್ತಾರೆ, ಸ್ಪಷ್ಟವಾಗಿ. ಹನ್ನೊಂದು ಸ್ಟಾಪಿನ ಹೆಸರೂ ಸರದಿ ತಪ್ಪದೆ ಬರುತ್ತದೆ. ಜನವರಿಯಿಂದ ಅಣ್ಣ ಇಲ್ಲಿ ಸ್ಟಿಯರಿಂಗ್ ಹಿಡಿಯುವುದು, ಅವರು ಅಲ್ಲಿ ನಸೀಮಾಳ ಲ್ಯಾಪ್‌ಟಾಪಿನ ಮುಂದೆ ಕೂತು ಕೂಗುವುದು, ಹೀಗೆ ಭಾನುವಾರ ಬಿಟ್ಟು ದಿನಕ್ಕೊಂದು ಟ್ರಿಪ್. ಅಂಗಡಿಯ ಲ್ಯಾಪ್‌ಟಾಪ್ ಹೊತ್ತು ನಸೀಮಾ ಮನೆ ಸೇರುವುದು ಆರರ ಮೇಲೆ. ಆರು ಐವತ್ತಕ್ಕೆ ಫಿಸಿಯೋಥೆರಪಿಯ ಮೇಡಂ ಬರುತ್ತಾರೆ. ಆಕೆಗೆ ಅಲ್ಲಿಂದ ಇನ್ನೊಂದು ಮನೆಗೆ ಹೋಗಬೇಕು. ನಡುವೆ ಸಿಗುವುದು ಆರು ಹತ್ತರಿಂದ ಆರು ಐವತ್ತು, ನಲವತ್ತು ನಿಮಿಷ. ಗಾಣದ ಓಣಿಯಿಂದ ತೂಬಿನಕಟ್ಟೆಗೆ ಅಣ್ಣನ ವೇಳಾಪಟ್ಟಿ ಮೂವತ್ತೆಂಟು ನಿಮಿಷ ಇಪ್ಪತ್ತು ಸೆಕೆಂಡು.

ಟ್ರಿಪ್ ಮುಗಿದ ದಿನ ಮಸ್ತಾನ್ ಸಾಬರು ಫಿಸಿಯೋ ಮೇಡಂ ಹೇಳಿದಂತೆ ಬಲಗೈ ಎತ್ತಲು ನೋಡುತ್ತಾರೆ. ಮುಗಿಯದ ದಿನ ಎತ್ತುವುದಿಲ್ಲ. ಬಾಗಿಲ ಕಡೆ ನೋಡುತ್ತ ಕೂರುತ್ತಾರೆ. ಜನರನ್ನು ಇಳಿಸದೆ ಕಂಡಕ್ಟರು ಬೇರೆ ಕೆಲಸಕ್ಕೆ ಹೋಗುವುದುಂಟೇ? ಇದನ್ನು ಮೊದಲು ಗಮನಿಸಿದವಳು ನಸೀಮಾ. "ಎಷ್ಟು ಎತ್ತುತ್ತಾರಮ್ಮ?" ಎಂದು ನಾನು ಕೇಳಿದ್ದೆ. "ಸ್ವಲ್ಪ ಆಂಟಿ" ಎಂದಿದ್ದಳು. ಸ್ವಲ್ಪ ಎಂಬುದು ಅಳತೆಯಲ್ಲವೆಂದು ನಾನು ಹೇಳಿದ್ದಕ್ಕೆ ನಕ್ಕಿದ್ದಳು.

ನಾನು ಜಯಶೀಲಾ. ಇಲ್ಲಿನ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ಮಕ್ಕಳಿಗೆ ಲೋಲಕದ ಅವಧಿ ಅಳೆಯುವುದನ್ನು ಹೇಳಿಕೊಟ್ಟವಳು. ಅಳತೆ ನನಗೆ ಅಭ್ಯಾಸ, ನಮ್ಮ ಊರಿಗೂ ಅಭ್ಯಾಸ. ಇಲ್ಲಿ ಕಾವಲು ಸಮಯ ತಿನ್ನುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಪುರಸಭೆಯ ಸೈರನ್ ಕೂಗಿದಾಗ ಪ್ರತಿ ಮನೆಯವರೂ ಗೋಡೆ ಗಡಿಯಾರವನ್ನು ಮುಂದಕ್ಕೆ ತಿರುಗಿಸಿಕೊಳ್ಳುತ್ತಾರೆ. ಎಷ್ಟು ತಿರುಗಿಸಬೇಕೋ ಅಷ್ಟು ಆ ಮನೆಯ ತಡ. ನಮ್ಮ ಬೀದಿಯ ಕೊನೆಯ ವಕೀಲರದು ಐವತ್ತೆರಡು ನಿಮಿಷದ ಮನೆ. ಅವರ ಕಾಂಪೌಂಡಿನ ಗಾಜಿನ ಚೂರುಗಳೇ ಹತ್ತು ನಿಮಿಷ ತಿನ್ನುತ್ತವೆ. ಅವರ ಹೆಂಡತಿಗೆ ವಯಸ್ಸೇ ಆಗಿಲ್ಲವೆಂದು ಹೆಂಗಸರು ಆಡಿಕೊಳ್ಳುತ್ತಾರೆ. ಬೆಳಗಿನ ರೈಲಿಗೆ ಹೋಗುವವರು ಹಿಂದಿನ ದಿನವೇ ಬೀಗ ತೆಗೆದಿಟ್ಟು ಮಲಗುತ್ತಾರೆ. ಹೆಣ್ಣು ನೋಡಲು ಬಂದವರು ಜಾತಕ ಕೇಳುವ ಮೊದಲು ಮನೆಯ ತಡ ಎಷ್ಟೆಂದು ಕೇಳುತ್ತಾರೆ.

ನಮ್ಮದು ಹದಿಮೂರು ನಿಮಿಷದ ಮನೆ. ಅಗಳಿಗೆ ಒಂದು, ಗ್ರಿಲ್ ಬಾಗಿಲಿಗೆ ಎರಡು, ಎರಡು ಬೀಗಗಳಿಗೆ ಮೂರು, ನಾಯಿ ಮೇಜರ್‌ಗೆ ಏಳು. ಎಲ್ಲವನ್ನೂ ಬೇರೆಬೇರೆಯಾಗಿ ಅಳೆದಿದ್ದೇನೆ. ನಿದ್ದೆ ಮಾಡುವಾಗಲೂ ಮೇಜರ್ ಅಷ್ಟೇ ತಿನ್ನುತ್ತದೆ. ಇವೆಲ್ಲ ನಾನು ಇರಿಸಿದ ಕಾವಲು, ಅಣ್ಣನದಲ್ಲ. ನಾಲ್ಕು ವರ್ಷದ ಹಿಂದೆ, ಹತ್ತು ನಿಮಿಷ ಬಾಗಿಲು ತೆರೆದಿಟ್ಟು ಹಾಲು ತರಲು ಹೋಗಿದ್ದಾಗ, ಗಾಜಿನ ಪೆಟ್ಟಿಗೆಯಲ್ಲಿದ್ದ ನನ್ನ ಹಿತ್ತಾಳೆ ತಕ್ಕಡಿಯನ್ನು ಯಾರೋ ಎತ್ತಿಕೊಂಡು ಹೋದರು. ನನ್ನ ಕೊನೆಯ ತರಗತಿಯ ಮಕ್ಕಳು ಕೊಟ್ಟದ್ದು. ಮಿಲಿಗ್ರಾಮಿಗೂ ತಲೆ ಬಾಗಿಸುತ್ತಿತ್ತು.

ಇನ್ನೊಂದು ರೂಢಿಯನ್ನೂ ಹೇಳಬೇಕು. ಹೊಸ ಕಾವಲು ಬಂದ ದಿನ ಹಳೆಯದನ್ನು ಬಿಡಿಸುವುದಿಲ್ಲ. ಹೊಸ ಬೀಗ ತಂದರೆ ಹದಿನೈದು ದಿನ ಹಳೆಯ ಬೀಗದ ಪಕ್ಕದಲ್ಲೇ ಹಾಕುತ್ತೇವೆ, ಹೊಸ ನಾಯಿಯನ್ನು ಹಳೆಯ ನಾಯಿಯ ಪಕ್ಕ ಕಟ್ಟುತ್ತೇವೆ. ಹಳೆಯದು ಹೊಸದಕ್ಕೆ ಮನೆ ತೋರಿಸಲಿ ಎಂಬ ಮಾತು. ನಮ್ಮ ಎರಡನೇ ಬೀಗ ಬಂದದ್ದು ಹಾಗೆ. ಹದಿನೈದು ದಿನ ಕಳೆದ ಮೇಲೂ ಹಳೆಯದನ್ನು ತೆಗೆಯಲು ನನಗೆ ಮನಸ್ಸಾಗಲಿಲ್ಲ.

ಬಸ್ಸು ನಿಂತ ಸಂಜೆಯೇ ನಸೀಮಾ ಫೋನು ಮಾಡಿದಳು. ಅಣ್ಣನ ಹೆಸರಿನಲ್ಲಿ ಹೋದ ಸಂದೇಶ ಅವಳ ಲ್ಯಾಪ್‌ಟಾಪಿಗೂ ಹೋಗಿತ್ತು. ಮಸ್ತಾನ್ ಸಾಬರು ಎಡಗೈಯಲ್ಲಿ ಅದನ್ನು ಒತ್ತಿದ್ದರು.

"ಆಂಟಿ, ಅಂಗಡಿ ಸ್ಟಾಕ್ ಲಿಸ್ಟ್ ಪೂರ್ತಿ ಹೋಯ್ತು. ಬಿಪಿ ಮಾತ್ರೆ ಎಷ್ಟಿದೆ ಅಂತ ಡಬ್ಬ ಡಬ್ಬ ತೆಗೆದು ಎಣಿಸ್ತಾ ಕೂತಿದೀನಿ. ಮಾಮನ ಕಂಪ್ಯೂಟರಿಗೆ ಒಂದು ಒಳ್ಳೇ ಆಂಟಿವೈರಸ್ ಹಾಕಿಸೋವರೆಗೂ ಲ್ಯಾಪ್‌ಟಾಪ್ ಕೊಡಲ್ಲ. ಬೇಜಾರು ಮಾಡ್ಕೋಬೇಡಿ."

"ಹಾಕಿಸ್ತೀವಮ್ಮ. ಆದ್ರೆ ಅದನ್ನ ಹಾಕಿದ್ರೆ ಮನೆ ತಡ ಆಗತ್ತೆ."

"ಮನೆ ಹೇಗೆ ತಡ ಆಗತ್ತೆ? ಕಂಪ್ಯೂಟರ್ ಸ್ಲೋ ಆಗತ್ತೆ ಅನ್ನಿ."

"ಎರಡೂ ಆಗತ್ತೆ."

"ನಿಮ್ಮೂರಿನ ಕಥೆ ನಂಗೆ ಗೊತ್ತಾಗಲ್ಲ ಬಿಡಿ" ಎಂದಳು. ಅವಳ ಊರಿನಲ್ಲಿ ಬೀಗಗಳು ಏನನ್ನೂ ತಿನ್ನುವುದಿಲ್ಲ.

ಕಂಪ್ಯೂಟರಿನಲ್ಲಿ ಅಲ್ಲಿಯವರೆಗೆ ಕಾವಲೇ ಇರಲಿಲ್ಲ. ಕಂಪ್ಯೂಟರ್ ಮಾರಿದ ಅಂಗಡಿಯವನು ಹಾಕಿಕೊಟ್ಟದ್ದನ್ನು ಅಣ್ಣ ಮೊದಲ ವಾರವೇ ತೆಗೆಸಿದ್ದ. ಸುಣ್ಣದ ಗೂಡಿನ ತಿರುವಿನಲ್ಲಿ 'ನಿಮ್ಮ ಕಂಪ್ಯೂಟರ್ ಸುರಕ್ಷಿತವಾಗಿದೆ' ಎಂದು ಪರದೆಯ ಮಧ್ಯಕ್ಕೆ ಬಂದು ಒಂದು ಎಮ್ಮೆಗೆ ಗುದ್ದಿಸಿತ್ತಂತೆ. ಈಗ ಎಲ್ಲವನ್ನೂ ಅಳಿಸಿ ಹೊಸದಾಗಿ ಸಜ್ಜು ಮಾಡಿಸಿದೆವು. ರೂಟಿನ ನಕಲು ಬೇರೆ ಡಿಸ್ಕಿನಲ್ಲಿ ಇದ್ದದ್ದರಿಂದ ಮೈಲಿಗಲ್ಲು ಸಮೇತ ಉಳಿಯಿತು. ಅಂಗಡಿಯವನು ಆರು ಆಂಟಿವೈರಸ್‌ಗಳ ಹೆಸರು ಬರೆದುಕೊಟ್ಟ, ಎಲ್ಲವನ್ನೂ ಒಂದು ತಿಂಗಳು ಪುಕ್ಕಟೆ ಬಳಸಿ ನೋಡಬಹುದು. ನಸೀಮಾ ಪರೀಕ್ಷೆಗೆ ಒಪ್ಪಿದಳು.

ನಾನು ವಿಧಾನ ಹಾಕಿಕೊಂಡೆ. ಒಂದೊಂದಕ್ಕೆ ಎರಡೆರಡು ಟ್ರಿಪ್. ಅಣ್ಣ ಹೊಸದನ್ನು ಹಾಕಿಕೊಳ್ಳಬೇಕು, ಹಾನಿ ಮಾಡದ ಪರೀಕ್ಷೆಯ ಫೈಲೊಂದನ್ನು ತೆರೆದು ಅದನ್ನು ಹಿಡಿಯುತ್ತದೆಯೇ ನೋಡಬೇಕು, ಮತ್ತೆ ಟ್ರಿಪ್ ಓಡಿಸಬೇಕು. ನಾನು ಮನೆಯ ಹೊರಗೆ, ಎದುರಿನ ಪಂಕಜಮ್ಮನ ಜಗಲಿಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂರಬೇಕು. ಏಕೆಂದರೆ ಬೀದಿಯ ಸಮಯವೇ ನಸೀಮಾಳ ಊರಿನ ಸಮಯ. ಅಣ್ಣನ ಸ್ಪೀಕರಿನ ಸದ್ದು ಕಿಟಕಿಯಿಂದ ಜಗಲಿಗೆ ಕೇಳುತ್ತದೆ. ಮಸ್ತಾನ್ ಸಾಬರ ಮೊದಲ "ರೈಟ್"ಗೆ ಗುಂಡಿ ಒತ್ತುವುದು, ತೂಬಿನಕಟ್ಟೆಯಲ್ಲಿ ಬ್ರೇಕಿನ ಗಾಳಿ ಬುಸ್ಸೆಂದಾಗ ಮತ್ತೆ ಒತ್ತುವುದು.

ಆಂಟಿವೈರಸ್ ಇಲ್ಲದಾಗ ಬೀದಿಯ ಲೆಕ್ಕದಲ್ಲಿ ಟ್ರಿಪ್ ಮೂವತ್ತೆಂಟು ನಿಮಿಷ ನಲವತ್ತೊಂದು ಸೆಕೆಂಡು ಇತ್ತು. ವೇಳಾಪಟ್ಟಿಗಿಂತ ಹೆಚ್ಚಿನ ಇಪ್ಪತ್ತೊಂದು ಸೆಕೆಂಡು ನನ್ನ ಬೀಗಗಳದು ಮತ್ತು ಮೇಜರ್‌ನದು. ಮಾರ್ಚ್ ಹದಿನೆಂಟರಂದು ಮೊದಲನೆಯದನ್ನು ಹಾಕಿದೆವು. ನಲವತ್ತು ನಿಮಿಷ ಇಪ್ಪತ್ತೊಂಬತ್ತು ಸೆಕೆಂಡು. ಬಸ್ಸು ಕಟ್ಟೆಯ ಏರಿ ಹತ್ತುತ್ತಿರುವಾಗ ಆರು ಐವತ್ತಾಗಿ, ಆ ಕಡೆ ಲ್ಯಾಪ್‌ಟಾಪ್ ಮುಚ್ಚಿತು. ಎರಡನೆಯದು ನಲವತ್ತೆರಡು ಮೂವತ್ತೊಂಬತ್ತು. ಮೂರನೆಯದು ನಲವತ್ನಾಲ್ಕು ಮೂವತ್ತಾರು.

"ಒಂದು ಕೆಲ್ಸ ಮಾಡಣ್ಣ. ಎರಡು ಸ್ಟಾಪ್ ಬಿಟ್ಬಿಡು, ಹತ್ತೋರು ಯಾರೂ ನಿಜದೋರಲ್ಲ" ಎಂದು ಬೀದಿಯಿಂದಲೇ ಕಿಟಕಿಯಲ್ಲಿ ಬಗ್ಗಿ ಹೇಳಿದೆ.

ಅಣ್ಣ ಸ್ಟಿಯರಿಂಗ್ ಒರೆಸುತ್ತಿದ್ದವನು ಬಟ್ಟೆ ಕೆಳಗಿಟ್ಟ. "ಸ್ಟಾಪ್ ಬಿಟ್ಟು ಓಡ್ಸೋನು ಡ್ರೈವರ್ರಾ ಶೀಲಾ? ಮಸ್ತಾನ್ ಬಿಡ್ತಾನಾ? ಅಲ್ಲೇ ಹೋಲ್ಡಾನ್ ಅಂತಾನೆ."

"ಸ್ಪೀಡಾದ್ರೂ ಜಾಸ್ತಿ ಮಾಡು."

"ಟೈಮ್‌ಗಿಂತ ಮುಂಚೆ ಸ್ಟಾಪ್ ಬಿಟ್ಟೋನಲ್ಲ ನಾನು. ಓಡಿ ಬರ್ತಿರೋರು ಏನಾಗ್ಬೇಕು?"

ಪಂಕಜಮ್ಮ ಅವರೆಕಾಳು ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವಳದು ನಾಲ್ಕು ನಿಮಿಷದ ಮನೆ, ಅದರ ಜಂಬ ಬೇರೆ. "ಮೇಡಂನೋರೇ, ನಮ್ಮ ಯಜಮಾನ್ರು ಇದ್ದಾಗ ನಿಮ್ಮಣ್ಣನ ಬಸ್ಸಿಗೆ ಕಾದು ಕಾದು ಸಾಕಾಗಿದ್ರು. ಈಗ ನಾನು ಜಗಲೀಲಿ ಕೂತು ಕಾಯೋದಾಯ್ತು."

"ಅಣ್ಣನ ಬಸ್ಸು ಯಾವತ್ತೂ ಲೇಟಾಗಿಲ್ಲ ಪಂಕಜಮ್ಮ."

"ಬಸ್ಸು ಲೇಟಾಗಿರ್ಲಿಲ್ಲ ಬಿಡಿ. ನಮ್ಮನೆ ಲೇಟಾಗಿತ್ತು. ಆವಾಗ ನಮ್ಮ ಅತ್ತೆ ಇದ್ರಲ್ಲ, ಅವರೊಬ್ರೇ ಅರ್ಧ ಗಂಟೆ ತಿನ್ನೋರು."

ಅದಕ್ಕೆ ಇಬ್ಬರೂ ನಕ್ಕೆವು. ಆ ಮಾತನ್ನು ನಾನು ಅಂದೇ ಸರಿಯಾಗಿ ಯೋಚಿಸಬೇಕಿತ್ತು.

ನಾಲ್ಕನೆಯದು ನಲವತ್ತಾರು ನಿಮಿಷ ಎರಡು ಸೆಕೆಂಡು. ಐದನೆಯದು ನಲವತ್ತೆಂಟು ಮೂವತ್ಮೂರು. ಆರನೆಯದರ ಮೇಲೆ ನಮಗೆ ಆಸೆಯಿತ್ತು, ಆಟ ನಡೆಯುವಾಗ ತಾನು ಸುಮ್ಮನಿರುವ ಗೇಮಿಂಗ್ ಮೋಡ್ ಅದರಲ್ಲಿದೆಯೆಂದು ಅಂಗಡಿಯವನು ಹೇಳಿದ್ದ. ನಿದ್ದೆ ಮಾಡುವ ಮೇಜರ್ ನೆನಪಿದ್ದ ನನಗೆ ಅಷ್ಟು ನಂಬಿಕೆ ಇರಲಿಲ್ಲ. ಐವತ್ತು ನಿಮಿಷ ಇಪ್ಪತ್ತೆಂಟು ಸೆಕೆಂಡು. ಮಾರ್ಚ್ ಮೂವತ್ತರ ಆ ಶನಿವಾರ ಎಂಟನೇ ಸ್ಟಾಪಿನಲ್ಲೇ ಮಸ್ತಾನ್ ಸಾಬರ ದನಿ ನಿಂತುಹೋಯಿತು. ಅಣ್ಣ ಮಾತ್ರ ಬಸ್ಸನ್ನು ತೂಬಿನಕಟ್ಟೆಯವರೆಗೂ ತೆಗೆದುಕೊಂಡು ಹೋಗಿ ಬಾಗಿಲು ತೆರೆದ.

ಏಳೂಕಾಲಿಗೆ ನಸೀಮಾಳ ಫೋನು. "ಆಂಟಿ, ಹನ್ನೆರಡು ದಿನ ಆಯ್ತು ಅಬ್ಬಾ ಕೈ ಎತ್ತಿಲ್ಲ. ಮೇಡಂ ಬಂದಾಗ ಬಾಗಿಲ ಕಡೇನೇ ನೋಡ್ತಿರ್ತಾರೆ. ಇವತ್ತು ಮೇಡಂ ಹೇಳಿದ್ರು, ಹಿಂಗೇ ಬಿಟ್ರೆ ಭುಜ ಬಿಗಿದುಹೋಗತ್ತೆ, ಆಮೇಲೆ ಕಷ್ಟ ಅಂತ. ಅರ್ಧಕ್ಕೆ ನಿಲ್ಲೋ ಬಸ್ಸಿಗಿಂತ ಬಸ್ಸೇ ಇಲ್ದಿದ್ರೆ ಮರೀತಾರೇನೋ."

"ಮರೆಯೋದು ಬೇಡಮ್ಮ" ಎಂದೆ.

"ಮುಂದಿನ ಶನಿವಾರದವರೆಗೂ ನೋಡೋಣ. ಆಮೇಲೆ ನಿಲ್ಲಿಸ್ತೀನಿ. ಮಾಮನಿಗೆ ನೀವೇ ಹೇಳಿ, ನಂಗೆ ಧೈರ್ಯ ಇಲ್ಲ."

ಅಣ್ಣನಿಗೆ ಹೇಳಲು ನನಗೂ ಧೈರ್ಯವಿರಲಿಲ್ಲ. ಭಾನುವಾರ ಬೆಳಿಗ್ಗೆ ಗ್ರಾಫ್ ಹಾಳೆ ತೆಗೆದು ಆರೂ ಅಳತೆಗಳನ್ನು ಗುರುತು ಹಾಕಿದೆ. ಕೈ ಕೆಲಸ ಮಾಡುತ್ತಿದ್ದರೆ ತಲೆ ತಿಳಿಯಾಗುತ್ತದೆ. ಆರು ಚುಕ್ಕೆಗಳು ಹೆಚ್ಚುಕಡಿಮೆ ಒಂದೇ ಓರೆಯ ಗೆರೆಯಲ್ಲಿ ಮೇಲೇರಿದ್ದವು. ನೋಡುತ್ತ ಕೂತೆ. ಆರು ಬೇರೆಬೇರೆ ಕಂಪನಿಗಳ ವಸ್ತು, ಅಂಗಡಿಯವನು ನೆನಪಾದ ಹಾಗೆ ಬರೆದ ಪಟ್ಟಿ. ಅವು ಶಾಲೆಯ ಮಕ್ಕಳಂತೆ ಎತ್ತರದ ಸಾಲಿನಲ್ಲಿ ನಿಲ್ಲಬಾರದು. ಪ್ರಯೋಗಾಲಯದಲ್ಲಿ ಇಂಥ ಗೆರೆ ಬಂದರೆ ನಾನು ಮಕ್ಕಳ ಉಪಕರಣ ನೋಡುತ್ತಿದ್ದೆ, ಗೆರೆ ನೋಡುತ್ತಿರಲಿಲ್ಲ.

"ಅಣ್ಣಾ, ಹೊಸದು ಹಾಕೋವಾಗ ಹಳೇದನ್ನ ಹೇಗೆ ತೆಗೀತಿದ್ದೆ?"

"ತೆಗೆಯೋದಾ?" ಅಣ್ಣ ಕಾಫಿ ಲೋಟ ಬಾಯಿಂದ ಇಳಿಸಿದ. "ಹದಿನೈದು ದಿನ ಆಗ್ಬೇಕಲ್ಲ. ಇನ್ನೂ ಹದಿಮೂರು."

"ಅಂದ್ರೆ ಆರೂ ಒಳಗಿವೆಯಾ?"

"ಹಳೇದು ಮನೆ ತೋರಿಸ್ದೆ ಹೊಸದಕ್ಕೆ ಹೆಂಗೆ ಗೊತ್ತಾಗತ್ತೆ? ಆರೂ ಇವೆ. ಒಂದನ್ನ ಕಂಡ್ರೆ ಒಂದಕ್ಕೆ ಆಗಲ್ಲ ಅಷ್ಟೆ. ಐದನೇದು ನಾಲ್ಕನೇದನ್ನ ಕಳ್ಳ ಅಂತ ದಿನಾ ನಂಗೆ ಚಾಡಿ ಹೇಳತ್ತೆ."

"ಪರೀಕ್ಷೆ ಫೈಲನ್ನ ಹಿಡಿದಿದ್ದು ಯಾವುದು?"

"ಯಾವಾಗ್ಲೂ ಮೊದಲ್ನೇದೇ. ಹಿರೀದಲ್ವಾ."

ನನಗೆ ಸಿಟ್ಟು ಬರಬೇಕಿತ್ತು. ಆದರೆ ಅವನ ತಲೆಯ ಹಿಂದೆ ನಮ್ಮ ಬಾಗಿಲು ಕಾಣುತ್ತಿತ್ತು, ಅದರಲ್ಲಿ ನಾಲ್ಕು ವರ್ಷದಿಂದ ಜೋತಾಡುವ ಎರಡು ಬೀಗಗಳು. ತೆಗೆಯಬೇಕೆಂದು ಹೇಳದೆ ಬಿಟ್ಟದ್ದು ನನ್ನ ವಿಧಾನದ ತಪ್ಪು. ನಗು ಬಂತು. ಅಣ್ಣನಿಗೆ ಯಾಕೆಂದು ತಿಳಿಯದಿದ್ದರೂ ಅವನೂ ನಕ್ಕ.

ಒಂದರ ಮೇಲೊಂದು ಕೂತ ಅಳತೆಗಳಾದರೆ ಬಿಡಿಸುವುದು ಸುಲಭ, ಪ್ರತಿಯೊಂದರಿಂದ ಅದರ ಹಿಂದಿನದನ್ನು ಕಳೆದರಾಯಿತು. ಮೊದಲನೆಯದು ತಿನ್ನುವುದು ಒಂದು ನಿಮಿಷ ನಲವತ್ತೆಂಟು ಸೆಕೆಂಡು. ಎರಡನೆಯದು ಎರಡು ನಿಮಿಷ ಹತ್ತು. ಮೂರನೆಯದು ಒಂದು ಐವತ್ತೇಳು. ನಾಲ್ಕನೆಯದು ಒಂದು ಇಪ್ಪತ್ತಾರು. ಐದನೆಯ ಚಾಡಿಕೋರ ಎರಡು ಮೂವತ್ತೊಂದು. ಆರನೆಯದು, ಸುಮ್ಮನಿರುತ್ತೇನೆಂದು ಹೇಳಿಕೊಂಡದ್ದು, ಒಂದು ಐವತ್ತೈದು. ಎಲ್ಲರ ಮಧ್ಯೆ ಯಾರ ಕಣ್ಣಿಗೂ ಬೀಳದೆ ನಿಂತಿದ್ದ ನಾಲ್ಕನೆಯದೇ ಹಗುರ. ಮಿಕ್ಕ ಐದನ್ನು ತೆಗೆದುಹಾಕಿದೆವು. ತೆಗೆಯುವಾಗ ಅಣ್ಣ ಒಂದೊಂದಕ್ಕೂ ಕೈ ಮುಗಿದ. ನಾಲ್ಕನೆಯದು ಒಂಟಿಯಾಗಿ ಪರೀಕ್ಷೆಯ ಫೈಲನ್ನು ತೆರೆಯುವ ಮೊದಲೇ ಹಿಡಿಯಿತು, ಆಟದ ಮಧ್ಯೆ ಪರದೆಗೆ ಬರಲಿಲ್ಲ, ಹೊಸ ವೈರಸ್‌ಗಳ ಪಟ್ಟಿಯನ್ನು ಮುಂಜಾನೆ ತಾನೇ ತಂದುಕೊಂಡಿತು. ನಸೀಮಾ ಕೇಳಿದ್ದು ಇದನ್ನೇ.

ಏಪ್ರಿಲ್ ಒಂದು, ಎರಡು, ಎರಡೂ ದಿನ ನಲವತ್ತು ನಿಮಿಷ ಏಳು ಸೆಕೆಂಡು ಬಂತು. ಬಸ್ಸು ತೂಬಿನಕಟ್ಟೆಯ ಆಲದ ಮರ ದಾಟಿ ಸ್ಟಾಪಿಗೆ ತಿರುಗುವಾಗ ಲ್ಯಾಪ್‌ಟಾಪ್ ಮುಚ್ಚಿತು.

"ಏಳು ಸೆಕೆಂಡ್ ನಸೀಮಾ" ಎಂದೆ ಫೋನಿನಲ್ಲಿ. "ಮೇಡಂಗೆ ಒಂದು ಅರ್ಧ ನಿಮಿಷ ಕಾಯೋಕೆ ಹೇಳಕ್ಕಾಗಲ್ವಾ?"

"ಜನವರೀಲೇ ಕೇಳಿ ಆಯ್ತು ಆಂಟಿ. ಅರ್ಧ ನಿಮಿಷ ಅಂತ ಶುರುವಾಗಿ ಹತ್ತಾಗತ್ತೆ, ಅದಕ್ಕೇ ಆಗಲ್ಲ ಅಂದಿದಾರೆ. ನಂಗೆ ಸಿಕ್ಕಿರೋದು ಅವರೊಬ್ರೇ."

ಏಳು ಸೆಕೆಂಡು ಎಲ್ಲಿಂದ ತರಬೇಕೆಂದು ನನಗೆ ಗೊತ್ತಿತ್ತು. ಗ್ರಾಫ್ ಹಾಕುವಾಗಲೇ ಗೊತ್ತಿತ್ತು. ಟ್ರಿಪ್ಪಿನಲ್ಲಿ ಇಪ್ಪತ್ತೊಂದು ಸೆಕೆಂಡು ನನ್ನದು. ಬರೀ ಏಳು ಉಳಿಸಿದರೂ ಸಾಲದು; ಕೊನೆಯ ಸ್ಟಾಪಿನಲ್ಲಿ ಮಸ್ತಾನ್ ಸಾಬರು ಜನರನ್ನು ಇಳಿಸುವ ಮಾತು ಹೇಳಿ ಮುಗಿಸಲು ಒಂಬತ್ತು ಸೆಕೆಂಡು ಬೇಕು, ನಿಧಾನವಾಗಿ ಬರುತ್ತದೆ. ಬೀಗ ಮಾತ್ರ ತೆಗೆದರೆ ಸಾಲದು, ನಾಯಿ ಮಾತ್ರ ಕಳಿಸಿದರೆ ಸಾಲದು. ಎಲ್ಲವೂ ಹೋಗಬೇಕು. ಅಣ್ಣನಿಗೂ ಈ ಲೆಕ್ಕ ಬರುತ್ತದೆ. ಅವನು ಕೇಳಲಿಲ್ಲ. ತಕ್ಕಡಿ ಹೋದ ದಿನ ನಾನು ಹೇಗಿದ್ದೆನೆಂದು ನೋಡಿದ್ದವನು.

ಬುಧವಾರ ಆರು ಗಂಟೆಗೆ ಎರಡೂ ಬೀಗ ತೆಗೆದು ಡಬ್ಬಿಯಲ್ಲಿ ಹಾಕಿದೆ. ಗ್ರಿಲ್ ಬಾಗಿಲನ್ನು ಗೋಡೆಗೆ ತಾಗುವವರೆಗೆ ಸರಿಸಿದೆ. ಅಗಳಿ ತೆಗೆದಿಟ್ಟೆ. ಅಣ್ಣ ತಲೆ ಎತ್ತಿ ನೋಡಿ ಕನ್ನಡಕ ಒರೆಸಿಕೊಂಡ. ಮೇಜರ್‌ನ ಸರಪಳಿ ಹಿಡಿದು ಪಂಕಜಮ್ಮನ ಹಿತ್ತಿಲಿಗೆ ಹೋದೆ.

"ನಿಮ್ಮ ನಾಯಿ ತಿನ್ನೋ ಟೈಮು ಇನ್ಮೇಲೆ ನಮ್ಮ ತಲೆ ಮೇಲಾ?" ಎಂದಳು ಪಂಕಜಮ್ಮ. "ಕುಕ್ಕರ್ ಇಟ್ಟಿದೀನಿ ಕಣ್ರೀ. ವಿಷಲ್ಲು ಯಾವಾಗ ಬರತ್ತೋ ಇನ್ನು."

"ಮುಕ್ಕಾಲು ಗಂಟೆ ಅಷ್ಟೇ."

"ಕಟ್ಟಿ ಕಟ್ಟಿ. ಮಸ್ತಾನಣ್ಣ ನಮ್ಮ ಮಾವನ ಹೆಣ ಊರಿಗೆ ತಂದ ದಿನ ಟಿಕೆಟ್ ಕೇಳ್ದೆ ಕೂರಿಸ್ಕೊಂಡು ಬಂದಿದ್ರು, ನಮ್ಮನ್ನೆಲ್ಲ."

ಮನೆಯ ಬಾಗಿಲು ಹಾಗೆ ತೆರೆದು ನಿಂತದ್ದನ್ನು ನಾನು ನಾಲ್ಕು ವರ್ಷದಲ್ಲಿ ನೋಡಿರಲಿಲ್ಲ. ಜಗಲಿಯಲ್ಲಿ ಕೂರಲಾಗಲಿಲ್ಲ. ಕುರ್ಚಿಯೊಂದನ್ನು ಬೀದಿಗೆ ತಂದು, ಬಾಗಿಲಿಗೆ ಮುಖ ಮಾಡಿ, ಸ್ಟಾಪ್‌ವಾಚನ್ನು ಮಡಿಲಲ್ಲಿ ಇಟ್ಟುಕೊಂಡೆ. ಲೆಕ್ಕದ ಪ್ರಕಾರ ಮೂವತ್ತೊಂಬತ್ತು ನಿಮಿಷ ನಲವತ್ತಾರು ಸೆಕೆಂಡಿಗೆ ಬ್ರೇಕಿನ ಸದ್ದು ಕೇಳಬೇಕು. ಕೇಳಿದ್ದು ಮೂವತ್ತೊಂಬತ್ತು ಐವತ್ತೇಳಕ್ಕೆ. "ಲಾಸ್ಟ್..." ಎಂದರು ಮಸ್ತಾನ್ ಸಾಬರು. ಅಷ್ಟರಲ್ಲಿ ಆ ಕಡೆ ಮುಚ್ಚಿತು.

ಹನ್ನೊಂದು ಸೆಕೆಂಡು ಹೆಚ್ಚು. ಮರೆತ ಕಾವಲೊಂದು ಮನೆಯಲ್ಲಿ ಎಲ್ಲೋ ಇದೆಯೆಂದು ಹುಡುಕಿದೆ. ಹಿತ್ತಿಲ ಚಿಲಕ, ಕಿಟಕಿಯ ಕೊಂಡಿ, ಅಕ್ಕಿ ಡಬ್ಬದ ಮುಚ್ಚಳ ಸಹ ನೋಡಿದೆ. ಏನೂ ಇರಲಿಲ್ಲ. ಹನ್ನೊಂದು ಸೆಕೆಂಡೆಂದರೆ ದಿನಕ್ಕೆ ಏಳು ನಿಮಿಷದ ತಡ, ಸರಿಯಾಗಿ ಮೇಜರ್‌ನಷ್ಟು. ಆದರೆ ಮೇಜರ್ ಪಂಕಜಮ್ಮನ ಹಿತ್ತಿಲಲ್ಲೇ ಇತ್ತು, ಅವಳ ಕುಕ್ಕರ್ ಸಾಕ್ಷಿ.

ಮಾರನೆಯ ದಿನ ಮೇಜರ್‌ನನ್ನು ಬಿಡಲು ಹೋದಾಗ ಪಂಕಜಮ್ಮನಿಗೆ ಹೇಳಿದೆ. ಅವಳು ಕಾಳು ಬಿಡಿಸುವುದನ್ನು ನಿಲ್ಲಿಸದೆ, "ನೆನ್ನೆ ಬೀದಿ ಮಧ್ಯ ಕುರ್ಚಿ ಹಾಕ್ಕೊಂಡು ಬಾಗ್ಲನ್ನೇ ನುಂಗೋ ಹಾಗೆ ನೋಡ್ತಾ ಕೂತಿದ್ದೋರು ಯಾರು ಮೇಡಂನೋರೇ?" ಎಂದಳು. "ನಮ್ಮತ್ತೆ ಹಂಗೇ ಕೂತ್ಕೊಳೋರು."

ನಾನು ಸರಪಳಿಯನ್ನು ಕೈಗೆ ಸುತ್ತಿಕೊಂಡು ನಮ್ಮ ಬಾಗಿಲ ಕಡೆ ತಿರುಗಿ ನೋಡಿದೆ.

"ಹೋಗ್ಲಿ ಬಿಡಿ" ಎಂದಳು. "ನಾಯಿ ಸಮ ಬಂದ್ರಲ್ಲ, ನಮ್ಮತ್ತೆ ಸಮ ಬರ್ಲಿಲ್ಲ. ಬನ್ನಿ ಇಲ್ಲಿ, ಈ ಕಡೆ ತಿರುಗಿ ಕೂತ್ಕೊಳ್ಳಿ."

ಬೀಗ ತೆಗೆಯುವುದು ಸುಲಭ, ಅದಕ್ಕೆ ಕೀಲಿ ಇದೆ. ಬೆನ್ನು ಮಾಡಿ ಕೂತರೂ ಕಿವಿ ಬಾಗಿಲ ಕಡೆಯೇ ಇದ್ದರೆ ಅದೂ ಕಾವಲೇ ಎಂದು ನನಗೆ ಅನ್ನಿಸಿತು. ಪಂಕಜಮ್ಮ ನನ್ನ ಮುಂದೆ ಒಂದು ಮೊರ ಅವರೆಕಾಯಿ ಸುರಿದಳು. ಆರು ಹತ್ತಕ್ಕೆ ಮಸ್ತಾನ್ ಸಾಬರ "ರೈಟ್" ಕೇಳಿತು, ಗುಂಡಿ ಒತ್ತಿದೆ. ಮೊದಮೊದಲು ಬೀದಿಯಲ್ಲಿ ಯಾರ ಚಪ್ಪಲಿ ಸದ್ದಾದರೂ ಬೆನ್ನು ನೆಟ್ಟಗಾಗುತ್ತಿತ್ತು. ಆಗೆಲ್ಲ ಪಂಕಜಮ್ಮ, "ಹುಳ ನೋಡಿ ಬಿಡಿಸಿ, ಹುಳ" ಎನ್ನುತ್ತಿದ್ದಳು. ಮೂರನೇ ಸ್ಟಾಪಿನ ಹೊತ್ತಿಗೆ ನಾನು ಪ್ರತಿ ಕಾಯಿಯಲ್ಲಿ ಎಷ್ಟು ಕಾಳಿದೆಯೆಂದು ಎಣಿಸತೊಡಗಿದ್ದೆ. ಹೆಚ್ಚಿನವುಗಳಲ್ಲಿ ನಾಲ್ಕು. ಹುಣಸೆ ಗೇಟಿನ ಹೊತ್ತಿಗೆ ಒಂದರಲ್ಲಿ ಆರು ಸಿಕ್ಕಿ ಅದನ್ನು ಪಂಕಜಮ್ಮನಿಗೆ ತೋರಿಸಿದೆ. ಅವಳು ತನ್ನ ತವರಿನಲ್ಲಿ ಏಳು ಕಾಳಿನ ಕಾಯಿ ಬಿಡುತ್ತಿತ್ತೆಂದು ಹೇಳಿದಳು. ನಾನು ನಂಬಲಿಲ್ಲ. ನಾವು ಆ ಬಗ್ಗೆ ಚೆನ್ನಾಗಿ ವಾದ ಮಾಡಿದೆವು.

ಬ್ರೇಕಿನ ಗಾಳಿ ಬುಸ್ಸೆಂದಿತು. ವಾಚಿನಲ್ಲಿ ಮೂವತ್ತೊಂಬತ್ತು ನಿಮಿಷ ನಲವತ್ತಾರು ಸೆಕೆಂಡು ಇತ್ತು. ತೆರೆದ ಬಾಗಿಲಿನಿಂದ ಸ್ಪೀಕರಿನ ದನಿ ಇಡೀ ಬೀದಿಗೆ ಬಂತು.

"ಲಾಸ್ಟ್ ಸ್ಟಾಪ್... ತೂಬಿನಕಟ್ಟೆ... ಎಲ್ಲಾ ಇಳ್ಕೊಳ್ಳಿ... ಏನೂ ಬಿಟ್ಟು ಹೋಗ್ಬೇಡಿ."

ಮೂವತ್ತೊಂಬತ್ತು ಐವತ್ತೈದು. ಇನ್ನೂ ಐದು ಸೆಕೆಂಡು ಉಳಿದಿತ್ತು. ಅಣ್ಣ ಒಳಗಿನಿಂದ, "ಹೋಗಿ ಬಾ ಮಸ್ತಾನ್" ಎಂದ, ಡಿಪೋದಲ್ಲಿ ಹೇಳುತ್ತಿದ್ದ ಹಾಗೆ. ಅಷ್ಟಕ್ಕೆ ಆ ಕಡೆ ಮುಚ್ಚಿತು.

ಮಿಕ್ಕ ಕಾಯಿ ಬಿಡಿಸಿ ಮುಗಿಸಿದೆವು. ಏಳೂಕಾಲು ದಾಟಿದ ಮೇಲೆ ನಸೀಮಾಳ ಫೋನು ಬಂದಾಗಲೇ ನಮ್ಮ ಮನೆಯ ಬಾಗಿಲು ಇನ್ನೂ ತೆರೆದೇ ಇದೆಯೆಂದು ನನಗೆ ನೆನಪಾದದ್ದು. ತಿರುಗಿ ನೋಡಿದೆ. ನಡುಮನೆಯ ದೀಪದ ಬೆಳಕಿನಲ್ಲಿ ಅಣ್ಣ ಸ್ಟಿಯರಿಂಗಿಗೆ ಬಟ್ಟೆ ಹೊದಿಸುತ್ತಿದ್ದ.

"ಎತ್ತಿದ್ರು ಆಂಟಿ" ಎಂದಳು ನಸೀಮಾ. "ಸ್ವಲ್ಪ ಅಂದ್ರೆ ನೀವು ಒಪ್ಪಲ್ಲ ಅಂತ ಈ ಸಲ ಸ್ಕೇಲ್ ಹಿಡಿದು ನಿಂತಿದ್ದೆ."

ಅಂದು, ಏಪ್ರಿಲ್ ನಾಲ್ಕರಂದು, ಮಸ್ತಾನ್ ಸಾಬರ ಬಲಗೈ ಮೇಜಿನಿಂದ ಎದ್ದದ್ದು ಆರೂವರೆ ಸೆಂಟಿಮೀಟರ್.